ಹಾಸೂ ಇಲ್ಲ, ಹೊಕ್ಕೂ ಇಲ್ಲ

ಹೋದ ವಾರ ಬಾಗಲಕೋಟೆಯ ನವನಗರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಗೆ ಚೀಲದ 10 ರೂಪಾಯಿಯನ್ನೂ ಸೇರಿಸಿದರು. ಹಸಿರು ಚೀಲ, ಮೇಲೊಂದು ಎಲೆ, ಕೆಳಗೆ ‘ಪರಿಸರ ಸ್ನೇಹಿ ಬಟ್ಟೆ ಚೀಲ’. 10 ರೂಪಾಯಿಗೆ ಇಷ್ಟು ಪುಣ್ಯ ಸಿಗುವಾಗ ಯಾಕೆ ಬೇಡ ಅನ್ನಲಿ, ಕೊಟ್ಟೆ.

ಅದೇ ಚೀಲ ಹಿಡಿದು ಗುಳೇದಗುಡ್ಡದ ಚಿಗವ್ವನ ಮನೆಗೆ ಹೋದೆ. ನಲವತ್ತು ವರ್ಷ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯ್ದ ಕೈ ಅವಳದು. ಚೀಲವನ್ನು ಬೆಳಕಿಗೆ ಹಿಡಿದಳು, ಹೆಬ್ಬೆರಳಲ್ಲಿ ತಿಕ್ಕಿದಳು. “ಇದಕ್ಕ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಅರಿವಿ ಅಂತ ಯಾರ ಹೇಳ್ಯಾರೋ ನಿನಗ?” ನಾನು ಎಲೆ ಚಿತ್ರ ತೋರಿಸಿದೆ. ಅವಳು ಅಂಚಿಂದ ಒಂದು ಚೂರು ಕತ್ತರಿಸಿ ಕಡ್ಡಿ ಗೀರಿದಳು. ಹತ್ತಿಯಾಗಿದ್ದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಬೇಕಿತ್ತು. ಇದು ಮುದುಡಿ ಕರಗಿ, ಆರಿದ ಮೇಲೆ ಕಾಳಿನಂತೆ ಗಟ್ಟಿಯಾಯಿತು.

ವ್ಯಾಪಾರದವರು ಇದಕ್ಕೆ ನಾನ್‌ವೋವನ್ ಅಂತಾರೆ. ನೇಯದ್ದು ಅಂತ ಹೆಸರೇ ಹೇಳುತ್ತೆ, ಹಾಸಿನ ಉದ್ದೆಳೆಯೂ ಇಲ್ಲ, ಹೊಕ್ಕಿನ ಅಡ್ಡೆಳೆಯೂ ಇಲ್ಲ. ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಕರಗಿಸಿ ಎಳೆ ತೆಗೆದು, ಹರಡಿ, ಬಿಸಿಯಲ್ಲಿ ಅಂಟಿಸುತ್ತಾರೆ. ಸರ್ಕಾರದ ಪ್ಲಾಸ್ಟಿಕ್ ತ್ಯಾಜ್ಯ ನಿಯಮದ ಲೆಕ್ಕದಲ್ಲೂ ಇದು ಪ್ಲಾಸ್ಟಿಕ್ ಚೀಲವೇ, 60 ಜಿಎಸ್‌ಎಂಗಿಂತ, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ, ತೆಳುವಿರುವಂತಿಲ್ಲ. ನಮ್ಮ ಹಿತ್ತಲ ಗೂಟಕ್ಕೆ ನೇತುಹಾಕಿದ್ದ ಇಂಥದೇ ಒಂದು ಬಿಸಿಲಿಗೆ ಪುಡಿಪುಡಿಯಾಗಿತ್ತು. ಮಣ್ಣಿಗೆ ಸೇರಿತು ಅಂತ ಆಗ ಸಮಾಧಾನ ಪಟ್ಟಿದ್ದೆ. ಸೇರಿದ್ದು ಪ್ಲಾಸ್ಟಿಕ್ ಪುಡಿ.

ಚೀಲದ ಮೇಲೆ ನನಗೆ ಸಿಟ್ಟಿಲ್ಲ, ಹತ್ತಾರು ಸಲ ಬಳಸಬಹುದು. ಸಿಟ್ಟು ಆ ‘ಬಟ್ಟೆ’ ಅನ್ನೋ ಮಾತಿಗೆ. ಇಳಕಲ್ಲು, ಗುಳೇದಗುಡ್ಡದಂಥ ಮಗ್ಗದ ಊರುಗಳಿರೋ ಜಿಲ್ಲೆಯಲ್ಲಿ ಪ್ಲಾಸ್ಟಿಕ್ಕಿಗೆ ಬಟ್ಟೆ ಅಂತ ಹೆಸರಿಟ್ಟು ಮಾರಬೇಕಾದರೆ ಧೈರ್ಯ ಬೇಕು ಬಿಡ್ರಿ!

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲೇ ಇಂಥ ಹಸಿರು ಸುಳ್ಳಿಗೆ ಮಾರ್ಗಸೂಚಿ ತಂದಿದೆ. ‘ಪರಿಸರ ಸ್ನೇಹಿ’, ‘ನೈಸರ್ಗಿಕ’ ಅಂತ ಬರೆದರೆ ಯಾವ ಅರ್ಥದಲ್ಲಿ ಅಂತ ವಿವರಿಸಬೇಕು, ಆಧಾರ ಇರಬೇಕು. ಮಾತಷ್ಟೇ ಅಲ್ಲ, ದಾರಿ ತಪ್ಪಿಸೋ ಚಿತ್ರವೂ ಅದರೊಳಗೆ ಬರುತ್ತೆ. ಸುಳ್ಳು ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲ ಸಲಕ್ಕೇ 10 ಲಕ್ಷದವರೆಗೆ ದಂಡ. ಅಂಗಡಿಯವರನ್ನು ಕೇಳಿದರೆ, “ಕಂಪನಿಯವರು ಹಂಗ ಬರದು ಕಳಸ್ತಾರ್ರೀ, ನಾವೇನ ಮಾಡೂಣು?” ಅವರದೂ ಖರೆ. ಕಂಪನಿ ಯಾವುದು ಅಂತ ಚೀಲದ ಮೇಲೆ ಹುಡುಕಿದೆ. ಎಲೆ ಇದೆ, ಹೆಸರಿಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋದು ಅಂತ ಬಿಲ್ಲು ತೆಗೆದಿಟ್ಟಿದ್ದೇನೆ. ಚೀಲ ಮಾತ್ರ ಚಿಗವ್ವನ ಹತ್ತಿರವೇ ಉಳಿದಿದೆ. ಫೋನ್ ಮಾಡಿದರೆ ಆಗಲೇ ಅದರಲ್ಲಿ ಕುಳ್ಳು (ಸಗಣಿ ಬೆರಣಿ) ತುಂಬಿಟ್ಟಿದ್ದಾಳೆ. ಎಲೆ ಕಾಣೋ ಹಂಗ ತಿರುಗಿಸಿಟ್ಟು ಒಂದು ಫೋಟೋ ತೆಗೆದು ಕಳಿಸು ಅಂತ ತಮ್ಮನಿಗೆ ಹೇಳಿದ್ದೇನೆ.