ತೇರಹಳ್ಳಿ ಏರಲ್ಲಿ ಗ್ಯಾಸ್ ಗಾಡಿ

ನಮ್ಮ ಬಾಮೈದ ಹೊಸ ಪಿಕಪ್ ತಗೋಬೇಕಂತೆ. ಕೋಲಾರದ ಸುತ್ತಮುತ್ತ ಮೋಲ್ಡ್ ಹಾಕೋ ಕಾಂಟ್ರಾಕ್ಟು ಅವನದು. ಗಾಡಿ ಬಾಡೀಲಿ ಸೆಂಟ್ರಿಂಗ್ ಶೀಟು, ಜಾಕಿ, ಬಾಂಡ್ಲಿ, ಮೇಲೆ ನಾಲ್ಕು ಹುಡುಗರು. ಹಿಂದೆ ಪಿನ್ ಹಾಕಿ ಕಾಂಕ್ರೀಟ್ ಮಿಕ್ಸರು. ಮೂರು ತಿಂಗಳಿಂದ ಒಂದೇ ರಾಗ: "ಭಾವ, ಡೀಸೆಲ್ಲಾ, ಗ್ಯಾಸಾ?"

ರಾತ್ರಿಯೆಲ್ಲ ಅಮೆರಿಕದವರ ವಿಡಿಯೊ ನೋಡಿ, "ಅಲ್ಲಿ ಗ್ಯಾಸ್ ಗಾಡೀಲೇ ದೊಡ್ಡ ದೊಡ್ಡ ದೋಣಿ ಎಳ್ಕೊಂಡು ಹೋಗ್ತಾರೆ ಭಾವ" ಅಂತಾನೆ. ಅಪ್ಪಾ, ಅವರು ಗ್ಯಾಸ್ ಅನ್ನೋದು ಪೆಟ್ರೋಲಿಗೆ! ನಮ್ಮ ಸಿಎನ್‌ಜಿ ಕಥೆನೇ ಬೇರೆ.

ಕಥೆ ಬೇರೆ ಅಂತ ನನಗೆ ಗೊತ್ತಾಗಿದ್ದು ಹೋದ ವರ್ಷ, ತೇರಹಳ್ಳಿ ಬೆಟ್ಟದ ಮೇಲೆ ಒಂದು ಮೋಲ್ಡ್ ಇದ್ದಾಗ. ಅವನ ಹಳೇ ಗಾಡಿ ಕೆಟ್ಟು ನಿಂತಿತ್ತು, ಸ್ನೇಹಿತನ ಸಿಎನ್‌ಜಿ ಪಿಕಪ್ ಇಸ್ಕೊಂಡು ಹೊರಟ್ವಿ. ಸ್ಟೇರಿಂಗ್ ಹಿಡಿದಿದ್ದು ನಾನೇ. ಓಡ್ತಾ ಇರೋವರೆಗೂ ತೊಂದರೆ ಇರಲಿಲ್ಲ. ಒಂದು ತಿರುವಲ್ಲಿ ಕುರಿ ಮಂದೆ ಅಡ್ಡ ಬಂತು, ನಿಲ್ಲಿಸಿದೆ. ಆಮೇಲೆ ಎತ್ತಕ್ಕೇ ಆಗ್ಲಿಲ್ಲ. ಹಾಫ್ ಕ್ಲಚ್ಚಲ್ಲಿ ರೇಸ್ ಕೊಟ್ಟರೆ ಗಾಡಿ ಒಂದು ಗೇಣು ಮುಂದೆ, ಎರಡು ಗೇಣು ಹಿಂದೆ. ಹಿಂದಿರೋ ಮಿಕ್ಸರ್ ಒಂದು ಟನ್ ದಾಟೋ ಸಾಮಾನು, ಅದು ಹಿಂದಕ್ಕೆ ಎಳೆಯೋದು ಸೀಟಿಗೇ ಗೊತ್ತಾಗ್ತಿತ್ತು. ಕ್ಯಾಬಿನ್ ತುಂಬ ಸುಟ್ಟ ವಾಸನೆ. ಹುಡುಗರು ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು. ಕೊನೆಗೆ ಸ್ವಿಚ್ ಒತ್ತಿ ಪೆಟ್ರೋಲಿಗೆ ಹಾಕಿ, ಹುಡುಗರ ಕೈಲಿ ತಳ್ಳಿಸ್ಕೊಂಡು ಹತ್ತಿಸಿದೆ. ಆ ಮೋಲ್ಡಿನ ಲಾಭ ಎಲ್ಲ ಸ್ನೇಹಿತನ ಕ್ಲಚ್ ಪ್ಲೇಟಿಗೆ ಹೋಯ್ತು. ಪಿಕಪ್ ಇಲ್ಲದ ಪಿಕಪ್!

ಇದು ಗಾಡಿ ತಪ್ಪಲ್ಲ. ಈ ಸಣ್ಣ ಇಂಜಿನ್‌ಗಳಲ್ಲಿ ಗ್ಯಾಸು ಒಳಗೆ ಹೋದಾಗ ಗಾಳಿಯ ಜಾಗಾನೇ ಹಿಡ್ಕೊಳ್ಳುತ್ತೆ, ಹಾಗಾಗಿ ಅದೇ ಇಂಜಿನ್ ಪೆಟ್ರೋಲಿಗಿಂತ ಸ್ವಲ್ಪ ಸೊರಗುತ್ತೆ. ಟಾಟಾ ಇಂಟ್ರಾ ವಿ20 ಲೆಕ್ಕ ನೋಡಿ: ಪೆಟ್ರೋಲಲ್ಲಿ ಟಾರ್ಕ್, ಅಂದ್ರೆ ಇಂಜಿನ್ನಿನ ತಿರುಗಿಸೋ ಬಲ, 106 ನ್ಯೂಟನ್ ಮೀಟರ್, ಸಿಎನ್‌ಜೀಲಿ 95. ಅದೇ ಮನೆಯ ವಿ50 ಡೀಸೆಲ್ಲು 220. (ನಾವು ಬೆಟ್ಟ ಹತ್ತಿಸಿದ್ದು ಇವೆರಡೂ ಅಲ್ಲ. ವಿ50 ದೊಡ್ಡ ಗಾಡಿ ಅನ್ನೋದೂ ನಿಜ.) ಅದಕ್ಕಿಂತ ಮುಖ್ಯ, ಟರ್ಬೊ ಡೀಸೆಲ್ಲು ಈ ಬಲಾನ ಕಡಿಮೆ ಆರ್‌ಪಿಎಂನಲ್ಲೇ, ಅಂದ್ರೆ ಇಂಜಿನ್ ನಿಧಾನಕ್ಕೆ ತಿರುಗ್ತಿರುವಾಗಲೇ ಕೊಡುತ್ತೆ. ಏರಲ್ಲಿ ನಿಂತ ಲೋಡು ಎತ್ತಕ್ಕೆ ಬೇಕಾಗಿರೋದು ಅದೇ.

ಹಾಗಂತ ಗ್ಯಾಸ್ ಗಾಡಿ ಬೈತಿಲ್ಲ. ಟೊಮ್ಯಾಟೊ ಲೋಡಿಗೆ ನಾನೇ ಹೇಳ್ತೀನಿ, ತಗೊಳ್ಳಿ. ಮಂಡೀಲಿ 15 ಕೆಜಿ ಬಾಕ್ಸು ತುಂಬಿಸ್ಕೊಂಡು ಹೈವೇಲಿ ಬೆಂಗಳೂರಿಗೆ ಹೋಗಿ ಬರೋನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಉಳಿಯುತ್ತೆ. 2023ರ ಜುಲೈನಲ್ಲಿ ಬಾಕ್ಸು ಎರಡು ಸಾವಿರ ದಾಟಿದಾಗ ಮೈಲೇಜ್ ಯಾರೂ ಕೇಳಲಿಲ್ಲ ಬಿಡಿ, ನೂರು ಬಾಕ್ಸ್ ಹೊತ್ತ ಗಾಡಿ ಅಂದ್ರೆ ಎರಡು ಲಕ್ಷ ಓಡಾಡ್ತಿದ್ದ ಹಾಗೆ. ಆದ್ರೆ ಬಂಕಲ್ಲಿ ಕ್ಯೂ ಇರುತ್ತೆ. ಸಿಲಿಂಡರ್ ತುಂಬಬೇಕಾದ್ದು 200 ಬಾರ್ ಪ್ರೆಶರಲ್ಲಿ, ಲಾರೀಲಿ ಗ್ಯಾಸ್ ತರಿಸೋ ಬಂಕಲ್ಲಿ ಸ್ಟಾಕ್ ಇಳಿದಾಗ ಪ್ರೆಶರ್ ಸಾಲದೆ ಅರ್ಧಂಬರ್ಧ ತುಂಬಿ ಕಳಿಸ್ತಾರೆ. 3 ವರ್ಷಕ್ಕೊಮ್ಮೆ ಸಿಲಿಂಡರ್ ಟೆಸ್ಟಿಂಗ್ ಬೇರೆ.

ಡೀಸೆಲ್ಲಿಗೂ ರೋಗ ಇದೆ. ಬಿಎಸ್-6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಹಾಕಿದ್ದಾರಲ್ಲ, ಗಾಡಿ ಸಣ್ಣಪುಟ್ಟ ಓಡಾಟದಲ್ಲೇ ಇದ್ರೆ ಅದು ಕಟ್ಟಿಕೊಳ್ಳುತ್ತೆ. ಬಾಮೈದನ ಕೆಲಸ ಎಲ್ಲ ಎಂಟು-ಹತ್ತು ಕಿಲೋಮೀಟರ್ ಒಳಗೇ. ಅದಕ್ಕೇ ಹೇಳಿದ್ದೀನಿ, ವಾರಕ್ಕೊಂದ್ಸಲ ಮಿಕ್ಸರ್ ಬಿಚ್ಚಿಟ್ಟು ಹೈವೇಲಿ ನರಸಾಪುರದ ಕಡೆ ಒಂದೇ ಸಮ ಓಡಿಸ್ಕೊಂಡು ಬಾ, ಬಿಸಿಗೆ ಮಸಿ ಸುಟ್ಟುಹೋಗುತ್ತೆ. ಇಳಿಜಾರಲ್ಲಿ ಹತ್ತಿದ ಗೇರಲ್ಲೇ ಇಳಿ, ನ್ಯೂಟ್ರಲ್ ಮಾಡಬೇಡ ಅಂತಾನೂ ಹೇಳಿದ್ದೀನಿ. ಹಿಂದಿರೋ ಮಿಕ್ಸರಿಗೆ ಬ್ರೇಕಿಲ್ಲ.

ನಿನ್ನೆ ಡೀಸೆಲ್ಲಿಗೇ ಅಡ್ವಾನ್ಸ್ ಕೊಟ್ಟು ಬಂದ. ಸ್ವೀಟ್ ಬಾಕ್ಸ್ ಹಿಡ್ಕೊಂಡು ಮನೆಗೂ ಬಂದಿದ್ದ. "ಸರಿ, ಮಿಕ್ಸರಿನ ಎಡಗಡೆ ಟೈರಲ್ಲಿ ನೂಲು ಕಾಣ್ತಿದೆಯಲ್ಲೋ, ಅದು ಯಾವಾಗ?" ಅಂದೆ. "ಭಾವ, ಮೈಸೂರ್‌ಪಾಕ್ ತಿನ್ನಿ" ಅಂದ.