ಸತ್ಯಾಂಶ: ತೆರಿಗೆ ಬಾಕಿ ಪತ್ರ ಬಂದರೆ ಕೇಸು ಬಿದ್ದಂತಲ್ಲ

‘ಆದಾಯ ತೆರಿಗೆ ಬಾಕಿ ನೋಟಿಸ್ ಬಂತು ಅಂದ್ರೆ ಕೇಸು ಬಿತ್ತು, ತಕ್ಷಣ ಕಟ್ಟಿಬಿಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 143(1)ರಡಿ ಬರುವುದು ನಿಮ್ಮ ರಿಟರ್ನ್‌ನ ಲೆಕ್ಕ ತಾಳೆ ನೋಡಿದ ತಿಳುವಳಿಕೆ ಪತ್ರ. ರಿಟರ್ನ್‌ಗಳನ್ನು ಪರಿಶೀಲಿಸುವ ಇಲಾಖೆಯ ಬೆಂಗಳೂರಿನ ಕೇಂದ್ರದಲ್ಲಿ (ಸಿಪಿಸಿ) ಕಂಪ್ಯೂಟರೇ ಈ ಲೆಕ್ಕ ಹಾಕುತ್ತದೆ. ನೀವು ಕೊಟ್ಟ ಅಂಕಿ, ಇಲಾಖೆಯ ಅಂಕಿ ಅದರಲ್ಲಿ ಅಕ್ಕಪಕ್ಕ ಇರುತ್ತವೆ. ಎಲ್ಲಿ ವ್ಯತ್ಯಾಸ ಬಂದಿದೆ, ನಿಧಾನವಾಗಿ ನೋಡಿ. ತೆರಿಗೆ ಕಟ್ಟಿದ ಚಲನ್‌ನಲ್ಲಿ ವರ್ಷ ತಪ್ಪಾಗಿರಬಹುದು. ಸಂಬಳದಲ್ಲಿ ಮೊದಲೇ ಹಿಡಿದ ತೆರಿಗೆ (ಟಿಡಿಎಸ್) ನಿಮ್ಮ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣದೇ ಇರಬಹುದು. ಹಾಗಿದ್ದರೆ ಸುಮ್ನೆ ಎರಡು ಸಲ ಯಾಕೆ ಕಟ್ಟಬೇಕು, ಅಲ್ವಾ? ಇಲಾಖೆಯ ಪೋರ್ಟಲ್‌ನಲ್ಲಿ ಬಾಕಿಗೆ ಒಪ್ಪಿಗೆಯಿಲ್ಲ ಎಂದು ಕಾರಣ ಬರೆಯಿರಿ, ಸೆಕ್ಷನ್ 154ರಡಿ ತಿದ್ದುಪಡಿ ಕೇಳಿ.

ಬಾಕಿ ನಿಜವಾಗಿದ್ದರೆ 30 ದಿನದೊಳಗೆ ಕಟ್ಟಿ. ತಡವಾದರೆ ತಿಂಗಳಿಗೆ ಶೇ. 1ರಷ್ಟು ಬಡ್ಡಿ ಬೀಳುತ್ತದೆ.