ಬುಧವಾರ ಪೇಟೆಯಲ್ಲಿ ಕುಷ್ಟಗಿ ಕನ್ನಡ

ಪುಣೆಯ ಬುಧವಾರ ಪೇಟೆ ಅಂದರೆ ಭಕ್ತರಿಗೆ ದಗಡೂಶೇಠ್ ಗಣಪತಿ, ಕಾಲೇಜು ಹುಡುಗರಿಗೆ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳು, ರಿಪೇರಿಯವರಿಗೆ ಬಿಡಿಭಾಗ ಸಿಗುವ ಇಲೆಕ್ಟ್ರಾನಿಕ್ಸ್ ಸಂದಿ. ಅಲ್ಲಿ ಇನ್ನೇನಿದೆ ಎಂದು ಊರಲ್ಲಿ ನಾನಾಗಿ ಹೇಳುವುದಿಲ್ಲ. ಗೆಳೆಯರೇ ಕಣ್ಣು ಹೊಡೆದು ಕೇಳುತ್ತಾರೆ. ಹದಿನಾರು ವರ್ಷದಿಂದ ಆ ಸಂದಿಯ ಒಂದು ಅಂಗಡಿಯಲ್ಲಿ ಸ್ಪೀಕರು, ಆಂಪ್ಲಿಫೈಯರು ಮಾರಿಕೊಂಡಿದ್ದೇನೆ. ಊರು ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು.

ಒಂದಿನ ಮಧ್ಯಾಹ್ನ ಇಬ್ಬರು ಹೆಂಗಸರು ಬ್ಲೂಟೂತ್ ಸ್ಪೀಕರ್ ಕೇಳಿಕೊಂಡು ಬಂದರು. ದೊಡ್ಡವಳು ಮರಾಠಿಯಲ್ಲಿ ಚೌಕಾಸಿಗೆ ನಿಂತಳು, ನನಗಿಂತ ಚೆಂದದ ಮರಾಠಿ. ದರ ಕುದುರಲಿಲ್ಲ. ಜೊತೆಯವಳ ಕಡೆ ತಿರುಗಿ ಮೆಲ್ಲಗೆ, "ಈ ಹಾಟ್ಯಾ ಇನ್ನೂರು ಜಾಸ್ತಿ ಹೇಳಾಕತ್ಯಾನ, ನಡಿ ಮುಂದಿನ ಅಂಗಡಿಗೆ" ಅಂದಳು.

"ಅಕ್ಕಾ, ನೂರು ಬಿಡ್ತೀನಿ. ಹಾಟ್ಯಾ ಅನಬ್ಯಾಡ್ರಿ."

ಚಿಕ್ಕವಳು ಗೊಳ್ಳನೆ ನಕ್ಕಳು. ದೊಡ್ಡವಳು ನಗಲಿಲ್ಲ. ಯಾವೂರು ಅಂದಳು, ಕುಷ್ಟಗಿ ಕಡೆ ಅಂದೆ. ಕೈ ತಾನಾಗಿ ಮೇಲೆ ಹೋಗಿ ತಲೆ ತುಂಬ ಸೆರಗು ಹೊದ್ದುಕೊಂಡಿತು. ಅದೇ ಬೀದಿಯಲ್ಲಿ ನೂರು ಗಂಡಸರ ಎದುರು ಬರಿದಲೆಯಲ್ಲಿ ನಿಲ್ಲುವ ಹೆಂಗಸು ಊರಿನ ಹೆಸರು ಕೇಳಿ ಅಂಜಿದಳು. ಹೋಗುವಾಗ ಒಂದೇ ಮಾತು: "ತಮ್ಮಾ, ಊರಾಗ ನಾ ಹಾಸ್ಟೆಲ್ಲಿನ್ಯಾಗ ಅಡಗಿ ಮಾಡ್ತೀನಿ."

ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದಳು. ನೋಟು ನನ್ನ ಕೈಗೆ ಕೊಡುತ್ತಿದ್ದಳು, ನಾನು ಫೋನಿನಿಂದ ಅವಳ ಅವ್ವನ ಖಾತೆಗೆ ಹಾಕುತ್ತಿದ್ದೆ. ಮೈ ಮಾರುವ ಈ ಕಸುಬಿಗೆ ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಕೇಳದಿದ್ದದ್ದು ದೊಡ್ಡಸ್ತಿಕೆಯಿಂದೇನಲ್ಲ, ನನ್ನ ತಲೆಯಲ್ಲಿ ಉತ್ತರ ಮೊದಲೇ ಇತ್ತು. ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟಿರುತ್ತಾರೆ, ಇನ್ನೇನು. ಕೊಪ್ಪಳ, ರಾಯಚೂರು, ಬಳ್ಳಾರಿಯಲ್ಲಿ ಹುಟ್ಟಿದವರಿಗೆ ಈ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಹುಲಿಗೆಮ್ಮ ದೇವಿಯ ಹುಲಿಗಿ ಹುಣ್ಣಿಮೆ, ಭಂಡಾರ, ದೇವಿಯ ಪಡ್ಲಿಗಿ ಬುಟ್ಟಿ ಹೊತ್ತ ಜೋಗತಿಯರನ್ನು ನೋಡುತ್ತ ಬೆಳೆದವರು ನಾವು.

ಒಂದು ಮಳೆಗಾಲದ ಸಂಜೆ ಕರೆಂಟು ಹೋಗಿ ಅಂಗಡಿ ಕಟ್ಟೆಯ ಮೇಲೆ ಕೂತಾಗ ತಾನಾಗಿ ಹೇಳಿದಳು. ಮುತ್ತಿಲ್ಲ, ಮಣಿಯಿಲ್ಲ, ನಾಕು ಮಂದಿ ಮುಂದೆ ತಾಳಿ ಕಟ್ಟಿಸಿಕೊಂಡವಳು. ಮೂರೆಕರೆ ಮಸಾರಿ ಹೊಲ. ಎರಡು ಬೋರು ಕೊರೆಸಿದರು, ಎರಡರಲ್ಲೂ ಧೂಳು. ಮೊದಲನೆಯದಕ್ಕೆ ಸಂಘದ ಸಾಲ, ಎರಡನೆಯದಕ್ಕೆ ವಾರದ ಕಂತಿನ ಫೈನಾನ್ಸು. ಗುಳೆ ಕಟ್ಟಿಕೊಂಡು ಗಂಡ ಹೆಂಡತಿ ಪುಣೆಗೆ ಬಂದು ಕಟ್ಟಡದ ಕೆಲಸ ಹಿಡಿದರು. ಗಂಡ ಒಂದಿನ ಊರಿಗೆ ಹೋಗಿ ಬರ್ತೀನಿ ಎಂದು ಹೋದವನು ಬರಲಿಲ್ಲ, ಫೋನೂ ಎತ್ತಲಿಲ್ಲ. ಇಟ್ಟಂಗಿ ಹೊತ್ತರೆ ದಿನಕ್ಕೆ ನಾನೂರು, ಅದರಲ್ಲೂ ಅರ್ಧ ಬಾಕಿ.

"ಅಲ್ಲೂ ಮೇಸ್ತ್ರಿ ಮೈಮ್ಯಾಲೆ ಕೈ ಹಾಕ್ತಿದ್ದ ತಮ್ಮಾ. ರೊಕ್ಕ ಮಾತ್ರ ಕೊಡ್ತಿರಲಿಲ್ಲ."

ಇಷ್ಟು ಹೇಳಿ ಎಲೆಯಡಿಕೆ ಚೀಲ ಬಿಚ್ಚಿದಳು. ಯಾರೂ ಅವಳನ್ನು ಮಾರಿರಲಿಲ್ಲ, ಕಟ್ಟಿಹಾಕಿರಲಿಲ್ಲ. ಮನಸಾರೆ ಆರಿಸಿಕೊಂಡಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇದ್ದ ಎರಡು ಕೆಟ್ಟ ದಾರಿಯಲ್ಲಿ ಲೆಕ್ಕ ಹಾಕಿ ಒಂದನ್ನು ಹಿಡಿದಳು, ಆ ಲೆಕ್ಕ ಅವಳದೇ.

ಜೊತೆಗೆ ಬಂದಿದ್ದ ಚಿಕ್ಕವಳು ರಾಯಚೂರು ಜಿಲ್ಲೆಯವಳು. ಅವಳದು ನಾನು ಊಹಿಸಿದ್ದ ಕತೆಯೇ: ತಿಳಿವಳಿಕೆ ಬರುವ ಮೊದಲೇ ದೇವರಿಗೆ ಬಿಟ್ಟದ್ದು, ಆಮೇಲೆ ಚಿಕ್ಕಮ್ಮ ಕರೆತಂದದ್ದು. ಅವರ ಮಹಡಿಯಲ್ಲಿ ಬಳ್ಳಾರಿ ಕಡೆಯ ಒಬ್ಬ ತೃತೀಯ ಲಿಂಗಿ ಇದ್ದಾರಂತೆ, ಎಸ್ಸೆಸ್ಸೆಲ್ಸಿ ಪಾಸು, ಜೀನ್ಸ್ ಹೊಲಿಯುವ ಕೆಲಸ ಬರುತ್ತದೆ. ಹೊಲಿಗೆ ಘಟಕದಲ್ಲಿ ಸೇರಿಸಿಕೊಳ್ಳಲಿಲ್ಲ, ಬಾಡಿಗೆಗೆ ಮನೆ ಕೊಡಲಿಲ್ಲ. ಮತ್ತೊಬ್ಬಳನ್ನು ಮನೆಗೆಲಸ ಕೊಡಿಸುತ್ತೇನೆಂದು ತಂದು ಕೈ ಬದಲಿಸಿ ಹೋಗಿದ್ದರು, ಮೊದಲ ಕೆಲವು ತಿಂಗಳು ಕೋಣೆಗೆ ಹೊರಗಿನಿಂದ ಬೀಗ. ಒಂದೇ ಮೆಟ್ಟಿಲು ಹತ್ತುವ ನಾಲ್ವರು. ಬೀಗ ಹಾಕಿಸಿಕೊಂಡವಳಿಗೆ ಬೇಕಿದ್ದದ್ದು ಪೊಲೀಸರು. ಬೋರಿನ ಸಾಲದವಳಿಗೆ ಪೊಲೀಸರೆಂದರೆ ಇದ್ದ ಕಂತೂ ತಪ್ಪಿಸುವವರು.

ಊರಿಗೂ ಪುಣೆಗೂ ಕಾಯ್ದೆ ಒಂದೇ, 1956ರ ಅನೈತಿಕ ಸಾಗಾಣಿಕೆ ತಡೆ ಕಾಯ್ದೆ. ವಯಸ್ಕ ಹೆಂಗಸು ತಾನೇ ಈ ಕೆಲಸ ಮಾಡುವುದು ಅದರ ಪ್ರಕಾರ ಅಪರಾಧವಲ್ಲ. ಈ ದಂಧೆಯ ಮನೆ ನಡೆಸುವುದು, ದಲ್ಲಾಳಿತನ, ಬೀದಿಯಲ್ಲಿ ಗಿರಾಕಿ ಕರೆಯುವುದು ಅಪರಾಧ. ಅವಳ ದುಡಿಮೆಯಲ್ಲಿ ಬದುಕುವುದೂ ಅಪರಾಧ. ಹದಿನೆಂಟು ದಾಟಿದ ಮಗ ಅವ್ವನ ದುಡ್ಡಲ್ಲಿ ಓದಿದರೆ ಅವನ ಮೇಲೂ ಕೇಸು ಹಾಕಲು ಬರುತ್ತದೆ. ಬೋರಿನ ಸಾಲದ ಆ ಅಕ್ಕನ ಮಗನಿಗೆ ಈಗ ಹತ್ತೊಂಬತ್ತು. ಹಾಸ್ಟೆಲ್ ಅಡುಗೆಯ ಸುಳ್ಳು ಹೀಗೆ ಅವನನ್ನೂ ಕಾಯುತ್ತಿದೆ.

ಕಾಯ್ದೆ ಒಂದೇ ಆದರೂ ರೂಢಿ ಬೇರೆ. ಪುಣೆಯಲ್ಲಿ ಈ ಓಣಿ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದ ಡಾಕ್ಟರು ಬರುತ್ತಾರೆ, ಸಂಸ್ಥೆಯವರು ಬರುತ್ತಾರೆ. ಮುಂಬಯಿಯ ಕಾಮಾಠಿಪುರದಲ್ಲಿ ಈ ತಾಯಂದಿರ ಮಕ್ಕಳಿಗೆಂದೇ ರಾತ್ರಿ ಶಿಶುಪಾಲನಾ ಕೇಂದ್ರ ಶುರುವಾದದ್ದು 1988ರಲ್ಲಿ. ಕೊರೊನಾ ಕಾಲದಲ್ಲಿ, 2020ರಲ್ಲಿ, ಗುರುತಿನ ಚೀಟಿಗೆ ಹಟ ಹಿಡಿಯದೆ ಇವರಿಗೆ ರೇಷನ್ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಮಹಾರಾಷ್ಟ್ರ ಸರ್ಕಾರ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ 5,000 ರೂಪಾಯಿ, ಶಾಲೆಗೆ ಹೋಗುವ ಮಕ್ಕಳಿದ್ದರೆ ಇನ್ನೂ 2,500 ಘೋಷಿಸಿತು. ಹಾಗಂತ ಪುಣೆ ಪುಣ್ಯಭೂಮಿಯೇನಲ್ಲ. ಅರ್ಧ ದುಡಿಮೆ ದಂಧೆಯ ಮನೆ ನಡೆಸುವ ಘರವಾಲಿಯ ಪಾಲು. ರೇಡು ಬಿದ್ದ ದಿನ ಎಲ್ಲರನ್ನೂ ಒಂದೇ ವ್ಯಾನಿಗೆ ತುಂಬುತ್ತಾರೆ, ನೀನು ಹೇಗೆ ಬಂದೆ ಎಂದು ಬಿಡಿಬಿಡಿಯಾಗಿ ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಇಲ್ಲಿನವರ ನಾಲಿಗೆ ತುದಿಯ ಉತ್ತರ, ಯಾರೋ ಮಾರಿದ್ದಾರೆ ಎನ್ನುವುದು.

ನಮ್ಮ ಕಡೆ ಓಣಿಯಿಲ್ಲ. ಬಸ್ ಸ್ಟ್ಯಾಂಡು, ಹೆದ್ದಾರಿ ಡಾಬಾ, ಲಾಡ್ಜು, ಈಗ ಹೆಚ್ಚಾಗಿ ಮೊಬೈಲು. ಹಗಲು ಹೊಲದ ಕೂಲಿಗೋ ಹೊಲಿಗೆಗೋ ಹೋಗಿ, ವಾರದಲ್ಲಿ ಒಂದೆರಡು ದಿನ ಪೇಟೆಗೆ ಹೋಗಿಬರುವವರಿದ್ದಾರೆ. ಅದಿರಿನ ಲಾರಿಗಳು ಬಳ್ಳಾರಿ ರಸ್ತೆಯಲ್ಲಿ ಹಗಲಿರುಳು ಓಡುತ್ತಿದ್ದ ಕಾಲದಲ್ಲಿ ಚಾದಂಗಡಿ, ಲಾಡ್ಜುಗಳ ಜೊತೆ ಈ ವ್ಯವಹಾರವೂ ಬೆಳೆದದ್ದನ್ನು ಆ ಕಡೆಯವರೆಲ್ಲ ಕಂಡಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಕೆಲಸ ಹೋದ ಗಂಡಸರ ಬಗ್ಗೆ ಪತ್ರಿಕೆಗಳಲ್ಲಿ ಓದಿದೆ. ಆ ಮನೆಗಳ ಹೆಂಗಸರು ಕಂತನ್ನು ಹೇಗೆ ಕಟ್ಟಿದರು ಎಂಬುದನ್ನು ನಾನಂತೂ ಎಲ್ಲೂ ಓದಲಿಲ್ಲ.

ದೇವದಾಸಿ ಪದ್ಧತಿಯ ಕತೆ ಸಣ್ಣದೆಂದು ನಾನು ಹೇಳುತ್ತಿಲ್ಲ. ನಿಷೇಧ ಕಾಯ್ದೆ 1982ರಲ್ಲೇ ಬಂದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸಿಕ್ಕವರ ಲೆಕ್ಕ 46,660, ಬಹುತೇಕ ದಲಿತ ಹೆಣ್ಣುಮಕ್ಕಳು. ಅವರಿಗೆ ಪಿಂಚಣಿ ಬಂತು. ಮಕ್ಕಳು ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕೆಂಬ ಕಡ್ಡಾಯ ತಪ್ಪಿಸುವ ಮಸೂದೆ 2025ರಲ್ಲಿ ವಿಧಾನಮಂಡಲದಲ್ಲಿ ಪಾಸಾಯಿತು. ಬರಲೇಬೇಕಾದದ್ದು, ತಡವಾಗಿ ಬಂತು. ಆದರೆ ಮುತ್ತು ಕಟ್ಟಿಸಿಕೊಂಡವರೆಲ್ಲ ಈ ದಂಧೆಗೆ ಬಂದವರಲ್ಲ. ಒಬ್ಬನೇ ಗಂಡಸಿನ ಆಸರೆಯಲ್ಲಿ ಕೂಲಿ ಮಾಡಿ ಬಾಳಿದವರು ನಮ್ಮೂರಲ್ಲೇ ಇದ್ದಾರೆ. ದಂಧೆಗೆ ಬಂದವರೆಲ್ಲ ಮುತ್ತಿನವರೂ ಅಲ್ಲ. ಅಕ್ಕ ಯಾವ ಸಮೀಕ್ಷೆಯ ಪಟ್ಟಿಯಲ್ಲೂ ಇಲ್ಲ. ಸರ್ಕಾರಿ ಕಾಗದದಲ್ಲಿ ಇಂಥವರಿಗೆ "ದಮನಿತ ಮಹಿಳೆ" ಎಂಬ ಹೆಸರಿದೆ, ಅವರಿಗಾಗಿ ಚೇತನಾ ಎಂಬ ಯೋಜನೆಯೂ ಇದೆ. ಆದರೆ ಕುಷ್ಟಗಿಯಲ್ಲಿ ಆ ಅರ್ಜಿ ತುಂಬಲು ಅವಳು ಯಾವ ಗುಮಾಸ್ತನ ಮುಂದೆ ನಿಂತು ಏನೆಂದು ಹೇಳಬೇಕು? ನನ್ನೆದುರೇ ಸೆರಗು ತಲೆಗೇರಿತ್ತು.

ದೇವರಿಗೆ ಬಿಟ್ಟದ್ದು ಎಂದುಬಿಟ್ಟರೆ ನಮಗೆ ಅನುಕೂಲ ಎಂದು ಈಗೀಗ ಅನ್ನಿಸುತ್ತದೆ. ಹಳೇ ಪಾಪ, ಅಜ್ಜಂದಿರ ಕಾಲದ್ದು, ಕೈ ತೊಳೆದುಕೊಳ್ಳಬಹುದು. ಬೋರಿನ ಸಾಲ, ಬಿಟ್ಟು ಹೋದ ಗಂಡ, ಮೇಸ್ತ್ರಿಯ ಬಾಕಿ ಎಂದರೆ ಅದು ನಮ್ಮ ಕಾಲದ್ದು. ಆ ಗಂಡ ನನ್ನ ಪಕ್ಕದ ಹಳ್ಳಿಯವನು, ಇನ್ನೊಂದು ಮದುವೆಯಾಗಿದ್ದಾನೆ. ಊರಲ್ಲಿ ಅವನನ್ನು ಯಾರೂ ಏನೂ ಕೇಳುವುದಿಲ್ಲ, ನಾನೂ ಕೇಳಿಲ್ಲ.

ಕಳೆದ ಸಲ ಹುಲಿಗಿ ಜಾತ್ರೆಗೆ ಹೋಗಿದ್ದೆ. ಹೊಳೆ ದಂಡೆಯ ಬಯಲಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ ಒಂದು ಕುಟುಂಬ ಒಲೆ ಹೂಡಿತ್ತು. ಮುದುಕಿಯೊಬ್ಬಳು ರೊಟ್ಟಿ ಬಡಿಯುತ್ತಿದ್ದಳು, ತೆಳ್ಳಗಿನ ಹುಡುಗನೊಬ್ಬ ನೀರಿನ ಕೊಡ ಹೊತ್ತು ಬಂದ. ಚಕ್ರದ ಮೇಲೆ ಕೆಂಪು ಸ್ಪೀಕರ್ ಕೂತು ಹಾಡುತ್ತಿತ್ತು, ನಾನು ನೂರು ಬಿಟ್ಟು ಮಾರಿದ್ದೇ. ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು, ಅಪರಿಚಿತನನ್ನು ನೋಡುವ ಹಾಗೆ ನೋಡಿ ರೊಟ್ಟಿ ಮಗುಚಿದಳು. ನಾನೂ ನಿಲ್ಲದೆ ನಡೆದೆ.

ಹತ್ತು ದಿನದ ಮೇಲೆ ಪುಣೆಯಲ್ಲಿ ಅಂಗಡಿ ಕೌಂಟರಿನ ಮೇಲೆ ಅದೇ ಸ್ಪೀಕರ್ ತಂದಿಟ್ಟಳು.

"ಚಾರ್ಜ್ ಆಗವಲ್ದು, ನೋಡು ತಮ್ಮಾ. ಜಾತ್ರಿ ಧೂಳ ಹೊಕ್ಕೈತೇನೋ."